ಬಗ್ಗದ ಆಕ್ಸಲ್

ನನ್ನ ಗಂಡನ ತಿಥಿ ಮುಗಿದ ವಾರದಲ್ಲೇ ಒಬ್ಬ ಡ್ರೈವರ್ ನಮ್ಮ ಜೀಪಿನ ಆಕ್ಸಲ್ ಕೇಳಿಕೊಂಡು ಬಂದ. ಗುಜರಿಗೆ ಹಾಕುವ ಮೊದಲು ತನಗೆ ಕೊಡಬೇಕಂತೆ. ಗಂಡ ಸತ್ತದ್ದು ಅದೇ ಜೀಪಿನಲ್ಲಿ. ಅವರು ಹೋದ ಮೇಲೆ ನಮ್ಮ ಊರಿನ ಆಳುಗಳನ್ನೆಲ್ಲ ಚೆಟ್ಟಳ್ಳಿ ಕಡೆಯ ಎಸ್ಟೇಟಿಗೆ ಒಯ್ಯುತ್ತಿದ್ದವನು ಇವನೇ. ಮನೆಗೆ ಬಂದವರಿಗೆ ನೀರು ಕೂಡ ಕೊಡಬಾರದು ಅನ್ನುವಷ್ಟು ಸಿಟ್ಟು ನನಗೆ ಬಂದದ್ದು ಅದೇ ಮೊದಲು. ಆದರೂ ಕೊಟ್ಟೆ.

ನಮ್ಮದು ಹಳೆಯ ಪಿಕಪ್ ಜೀಪು. ಕುಶಾಲನಗರದ ಹತ್ತಿರದ ನಮ್ಮ ಊರಿನಿಂದ ಬೆಳಿಗ್ಗೆ ಪಿಕ್ಕಿಂಗಿನ ಹೆಂಗಸರನ್ನು ತುಂಬಿಕೊಂಡು ಹೋಗುವುದು, ನಡುವೆ ಕಾಫಿ ಮೂಟೆ ಸಾಗಿಸುವುದು, ಸಂಜೆ ಹೆಂಗಸರನ್ನು ವಾಪಸು ತರುವುದು ಗಂಡನ ಕೆಲಸ. ಕಾಫಿ ಹಣ್ಣು ಕೊಯ್ಯಲು ನಾನೂ ಅದರಲ್ಲೇ ಹೋಗುತ್ತಿದ್ದೆ. ಡ್ರೈವರ್ ಹೆಂಡತಿ ಅಂತ ಮುಂದಿನ ಸೀಟೇನೂ ಸಿಗುತ್ತಿರಲಿಲ್ಲ, ಅಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂರುತ್ತಿದ್ದರು.

ಮುಂದಿನ ಚಕ್ರಗಳ ನಡುವಿನ ಆಕ್ಸಲ್ ಭಾರಕ್ಕೆ ಬಗ್ಗಿತ್ತು. ಟೈರುಗಳು ಒಳಬದಿಯಲ್ಲಿ ಮಾತ್ರ ಸವೆಯುತ್ತಿದ್ದವು, ಸ್ಟೇರಿಂಗ್ ಒಂದೇ ಕಡೆಗೆ ಎಳೆಯುತ್ತಿತ್ತು. ಗಂಡ ಮಾತ್ರ ಟೈರು ಮಾರಿದವನನ್ನು ಬೈಯುತ್ತಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರ ಪೈಕಿ ಅವರು. ಆದರೆ ಒಳಗೊಳಗೇ ಹೆದರಿದ್ದರು. ಇಳಿಜಾರಿನಲ್ಲಿ ಮೊದಲನೇ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿದ್ದರು. ಇನ್ನಿಬ್ಬರನ್ನು ಹತ್ತಿಸು ಎಂದು ರೈಟರ್ ಹೇಳಿದರೆ, ಆಗುವುದಿಲ್ಲ ಸಾರ್, ಆಕ್ಸಲ್ ಬಗ್ಗಿದೆ ಎಂದು ಕೈ ಮುಗಿದುಬಿಡುತ್ತಿದ್ದರು. ಆ ಬಗ್ಗಿದ ಕಬ್ಬಿಣ ನಮ್ಮನ್ನೆಲ್ಲ ಕಾಯುತ್ತಿತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಕೊಯ್ಲು ಶುರುವಾಗುವ ಮೊದಲು ಆಕ್ಸಲ್ ಬಿಚ್ಚಿಸಿ ವೆಲ್ಡಿಂಗ್ ಶೆಡ್ಡಿಗೆ ಹಾಕಿದರು. ಊಟ ಕೊಡಲು ಹೋದ ನಾನು ಅಲ್ಲೇ ಕೂತು ನೋಡಿದೆ. ವೆಲ್ಡರ್ ಕಣ್ಣೂರು ಕಡೆಯವರು, ವಯಸ್ಸಾದವರು. ಮೊದಲು ಜಾಕಿ ಕೊಟ್ಟು ಆಕ್ಸಲನ್ನು ನೆಟ್ಟಗೆ ಮಾಡಿದರು. ಆಮೇಲೆ ಅದರ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ನಿಲ್ಲಿಸಿದರು. ಶೀಟಿನ ಮಾಡಿಗೆ ಆಧಾರವಾಗಿ ಹಾಕುತ್ತಾರಲ್ಲ, ಅಂಥದ್ದೇ ಟ್ರಸ್. ಬೆರಳುದ್ದ ಬೆಸೆಯುವುದು, ನಿಲ್ಲಿಸುವುದು, ಇನ್ನೊಂದು ತುದಿಗೆ ಹೋಗಿ ಮತ್ತೆ ಬೆರಳುದ್ದ. ಒಂದೇ ಕಡೆ ಕಾಯಿಸಿದರೆ ಪುನಃ ಡೊಂಕಾಗುತ್ತದಂತೆ. ಗಂಡನಿಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಹಾಕಿ ಬೇಗ ತಣಿಸಬಾರದೇ ಎಂದು ಕೇಳಿ, ಬೆಸುಗೆ ಬಿರುಕು ಬಿಡುತ್ತದೆ ಎಂದು ಬೈಸಿಕೊಂಡರು.

ಕೆಲಸ ಮುಗಿದ ಮೇಲೆ ವೆಲ್ಡರ್ ಗಂಡನನ್ನು ಹತ್ತಿರ ಕರೆದರು. "ಇದು ಇನ್ನು ಬಗ್ಗೂದಿಲ್ಲ. ಆದ್ರೆ ಲೋಡ್ ಜಾಸ್ತಿ ಹಾಕ್ಬೇಡಿ. ಆ ಭಾರದ ಪೆಟ್ಟು ಬೇರೆ ಕಡೆ ಹೋಗಿ ಅಲ್ಲಿ ಮುರೀತದೆ."

ಗಂಡ ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡರು. ಟ್ರಸ್ಸಿಗೆ ಕಪ್ಪು ಬಣ್ಣ ಬಳಿದು, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಜೀಪು ಹೊರಡಿಸಿದರು. ಆ ಕೊಯ್ಲಿನಲ್ಲಿ ಅವರಿಗೆ ಆನೆಬಲ ಬಂದಿತ್ತು. ರೈಟರ್ ಇಬ್ಬರು ಎಂದರೆ ಇವರು ನಾಲ್ವರನ್ನು ಹತ್ತಿಸುವರು. ನಾವು ಹೆಂಗಸರು ಒಬ್ಬರ ತೊಡೆ ಮೇಲೆ ಒಬ್ಬರು ಕೂತು ಹೋಗುತ್ತಿದ್ದೆವು. ನಾನು ಬೈದರೆ, "ಕೆಳಗೆ ಬಗ್ಗಿ ನೋಡೇ, ಏನಾರ ಅಲ್ಲಾಡ್ತದಾ?" ಎನ್ನುತ್ತಿದ್ದರು. ನಿಜಕ್ಕೂ ಏನೂ ಅಲ್ಲಾಡುತ್ತಿರಲಿಲ್ಲ. ಟೈರು ಸಮನಾಗಿ ಸವೆಯುತ್ತಿತ್ತು, ಸ್ಟೇರಿಂಗ್ ಎಳೆಯುತ್ತಿರಲಿಲ್ಲ. ಎಲ್ಲೋ ಏನೋ ಸೋಲುತ್ತಿದೆ ಎಂದು ತಿಳಿಯಲು ಒಂದು ಗುರುತೂ ಉಳಿದಿರಲಿಲ್ಲ.

ಕೊಯ್ಲು ಮುಗಿಯುತ್ತಾ ಬಂದಿತ್ತು. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಬೇಗ ಬಿದ್ದು ದಾರಿ ಜಾರುತ್ತಿತ್ತು. ಒಂದು ಮಧ್ಯಾಹ್ನ ಇಳಿಜಾರಿನ ತಿರುವಿನಲ್ಲಿ, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ರಾಡು ಮುರಿಯಿತು. ಗಂಡ ಸ್ಟೇರಿಂಗ್ ತಿರುಗಿಸಿದರೂ ಜೀಪು ತಿರುಗಲಿಲ್ಲ. ಒಳಗೆ ಅವರೊಬ್ಬರೇ ಇದ್ದರು, ಹಿಂದೆ ಮೂಟೆಗಳು. ಬೆಳಿಗ್ಗೆಯಾಗಿದ್ದರೆ ನಾವೆಲ್ಲ ಇರುತ್ತಿದ್ದೆವು. ಮೇಲಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ನನಗೆ ಸದ್ದು ಕೇಳಿತ್ತು. ಎಲ್ಲೋ ಮರ ಬಿತ್ತು ಅಂದುಕೊಂಡೆ. ಅವರನ್ನು ಹೊರಗೆ ತೆಗೆಯುವಾಗ ಜೀವ ಇರಲಿಲ್ಲ. ಮನೆಗೆ ತಂದು ಮಲಗಿಸಿದಾಗ ಎಷ್ಟು ಒತ್ತಿದರೂ ಅವರ ಬಗ್ಗಿದ ಕಾಲು ನೆಟ್ಟಗಾಗಲಿಲ್ಲ. ಕೊನೆಗೆ ಹಾಗೇ ಬಟ್ಟೆ ಹೊದಿಸಿ ಒಯ್ದರು.

ಪೊಲೀಸರು ಬಿಟ್ಟುಕೊಟ್ಟ ಜೀಪು ಹಿತ್ತಲಿನಲ್ಲಿ ಅಡ್ಡ ಬಿದ್ದಿತ್ತು. ನಾನು ಕೊಟ್ಟ ನೀರು ಕುಡಿದು ಆ ಡ್ರೈವರ್ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆಕ್ಸಲ್ಲಿನ ಎರಡು ತುದಿಗೂ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದ. ಮುಖ ಅರಳಿತು.

"ಅಕ್ಕಾ, ಒಂದು ಕೂದಲೆಳೆಯಷ್ಟೂ ಬಗ್ಗಿಲ್ಲ."

ನನಗೆ ಆ ಕಾಲು ನೆನಪಾಯಿತು. ಆಕ್ಸಲ್ ಕೊಡುತ್ತೇನೆ, ಆದರೆ ಮೇಲಿನ ಟ್ರಸ್ ಇಲ್ಲೇ ಕತ್ತರಿಸಿ ಬರೀ ಆಕ್ಸಲ್ ಒಯ್ಯಬೇಕು ಎಂದೆ. ಇವಳಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ಅವನು ನೋಡಿದ. ಟ್ರಸ್ ಇಲ್ಲದ ಮೇಲೆ ಅದು ಯಾತಕ್ಕೆ ಎಂದು ಕೇಳಿದ.

"ಬಗ್ಗೋ ಆಕ್ಸಲ್ ಆದ್ರೆ ನೀನು ಹೆದರ್ಕೊಂಡು ಓಡಿಸ್ತೀಯಪ್ಪ," ಎಂದೆ. "ನೀನು ಹೆದರ್ಬೇಕು."

ಅವನು ದಾರ ಬಿಚ್ಚಿ ಬೆರಳಿಗೆ ಸುತ್ತಿಕೊಂಡು, ಬರ್ತೇನೆ ಅಕ್ಕಾ ಎಂದು ಹೋದ. ನಾನು ಆಕ್ಸಲನ್ನು ಟ್ರಸ್ ಸಮೇತ ಗುಜರಿಗೆ ಹಾಕಿದೆ. ಇನ್ನೊಂದು ಅನಾಹುತವಾದರೂ ತಪ್ಪಿತಲ್ಲ ಎಂದು ಸ್ವಲ್ಪ ದಿನ ಸಮಾಧಾನವಾಗಿಯೇ ಇದ್ದೆ.

ಮುಂದಿನ ಕೊಯ್ಲಿಗೆ ಅವನ ಜೀಪಿಗೆ ಹೊಸ ಟ್ರಸ್ ಬಂದಿತ್ತು, ಬೇರೆಲ್ಲೋ ಹಾಕಿಸಿಕೊಂಡಿದ್ದ. ಬೆಳಿಗ್ಗೆ ನಮ್ಮ ಬೀದಿಯ ಕೊನೆಗೆ ಬಂದು ನಿಲ್ಲಿಸಿದ. ಹಿಂದೆ ಹೆಂಗಸರು ಕಾಲಿಡಲು ಜಾಗವಿಲ್ಲದ ಹಾಗೆ ತುಂಬಿದ್ದರು. ರೈಟರ್ ಮುಂದಿನ ಸೀಟಿನಿಂದ ತಲೆ ಹೊರಗೆ ಹಾಕಿ, ಇನ್ನೂ ಜಾಗ ಉಂಟು, ಬೇಗ ಬನ್ನಿ ಎಂದರು. ಡ್ರೈವರ್ ನನ್ನ ಮುಖ ನೋಡಲಿಲ್ಲ. ಆ ಎಸ್ಟೇಟಿಗೆ ಬೇರೆ ಗಾಡಿ ಹೋಗುವುದಿಲ್ಲ, ನನಗೆ ಬೇರೆ ಕೆಲಸ ಗೊತ್ತಿಲ್ಲ. ಬುತ್ತಿಯನ್ನು ಮೇಲಕ್ಕೆ ಕೊಟ್ಟು, ಯಾರೋ ಚಾಚಿದ ಕೈ ಹಿಡಿದುಕೊಂಡು ಹತ್ತಿದೆ.