ಕೊನೆಯ ಸಾಲನ್ನೂ ಓದಿದವಳು

ಇದೆಲ್ಲ ಹೀಗೆಯೇ ನಡೆಯಿತೇ ಎಂದು ಕೇಳಿದರೆ ಆಣೆ ಇಟ್ಟು ಹೇಳಲಾರೆ. ಮೂವತ್ತು ವರ್ಷ ದಾಟಿದ ನೆನಪನ್ನು, ಅದರಲ್ಲೂ ನನ್ನದೇ ನೆನಪನ್ನು, ನಾನು ಅಷ್ಟು ಸುಲಭವಾಗಿ ನಂಬುವವನಲ್ಲ. ಆದರೆ ಹೋದ ತಿಂಗಳು ದೇವನಹಳ್ಳಿ ಪಕ್ಕದ ನಮ್ಮೂರು ವಿಜಯಪುರದಲ್ಲಿ ಬಸ್ಸಿಳಿದಾಗ ಎಲ್ಲಿಂದಲೋ ಬೇಯಿಸಿದ ರೇಷ್ಮೆಗೂಡಿನ ಕಮಟು ವಾಸನೆ ಬಂತು. ಅದರ ಹಿಂದೆಯೇ ನಮ್ಮ ಎದುರುಮನೆಯ ಅಕ್ಕ ನೆನಪಿಗೆ ಬಂದಳು. ಕತ್ತನ್ನು ಹಿಂದಕ್ಕೆಳೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು...

ಅವಳು ನೂಲು ತೆಗೆಯುವ ಕೆಲಸದಲ್ಲಿದ್ದಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ, ಓಡುವ ನೂಲಿಗೆ ಸೇರಿಸಬೇಕು. ಕೂದಲಿಗಿಂತ ತೆಳುವಾದ ಎಳೆ. ಚರಕದ ಮುಂದಿನ ಆ ಜಾಗ ಮೊದಲು ಅವಳ ತಾಯಿಯದು, ತಾಯಿ ಹೋದ ಮೇಲೆ ಇವಳಿಗೆ ಸಿಕ್ಕಿದ್ದು. ಕೆಲವು ವರ್ಷ ಸರಾಗವಾಗಿ ನಡೆಯಿತು. ಅವಳಿಗೆ ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಆಗುವ ಹೊತ್ತಿಗೆ ತುದಿ ಸಿಗುವುದು ಕಡಿಮೆಯಾಯಿತು. ಮಧ್ಯಾಹ್ನವಾದರೆ ಹಣೆ ಒಡೆಯುವಂಥ ನೋವು.

"ಏನಮ್ಮಾ, ಮಾರುದೂರದಿಂದ ನೂಲು ತೆಗೀತೀಯಾ? ಗೂಡೇನು ಕಚ್ಚುತ್ತಾ?" ಎಂದು ಮಾಲೀಕ ಎಲ್ಲರೆದುರು ಅಣಕಿಸುತ್ತಿದ್ದನಂತೆ.

ಎಳೆ ಕಣ್ಣಿಗೆ ಕಾಣುತ್ತಿಲ್ಲ ಎಂದರೆ ಯಾರೂ ಅವಳನ್ನು ನಂಬಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸು ತಿರುಗುವಾಗಲೇ ಬೋರ್ಡು ಓದಿಬಿಡುತ್ತಿದ್ದವಳು ಅವಳು. "ನಿನ್ ದೇವನಹಳ್ಳಿ ಬಸ್ ಬಂತು ಕಣೋ, ಓಡು!" ಎಂಬ ಅವಳ ಕೂಗಿನಿಂದಲೇ ನಾನು ಎಷ್ಟೋ ದಿನ ಕಾಲೇಜು ಮುಟ್ಟಿದ್ದೇನೆ. ಅಂಥವಳಿಗೆ ಕಣ್ಣು ಕಾಣದೇ?

ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಾಗ ಅವಳ ಜೊತೆ ಹೋದೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿದಳು.

"ಫಸ್ಟ್ ಕ್ಲಾಸ್ ಕಣ್ಣು. ಮುಂದಿನೋರು ಬನ್ನಿ" ಎಂದ ಅಲ್ಲಿನ ಸಹಾಯಕ.

"ದೂರದ್ದಲ್ಲ ಸಾರ್, ಹತ್ತಿರದ್ದೇ ಕಾಣಲ್ಲ."

"ಹತ್ತಿರದ್ದಕ್ಕೆ ನಲವತ್ತಾದ್ಮೇಲೆ ಬಾಮ್ಮ. ಈಗ್ಲೇ ಮುದುಕಿ ಆಗ್ಬೇಕಾ?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆನೇ? ನಕ್ಕಿರಬೇಕು. ಒಂದು ಸೂಜಿ, ಒಂದು ದಾರ ಅವಳ ಕೈಗೆ ಕೊಟ್ಟು ನೋಡಬಹುದಿತ್ತಲ್ಲ! ಅಷ್ಟಕ್ಕೆ ಬಿಡುವಿರಲಿಲ್ಲ, ನಗಿಸುವುದಕ್ಕೆ ಬಿಡುವಿತ್ತು. 'ದೃಷ್ಟಿ ಸರಿಯಿದೆ' ಎಂಬ ಚೀಟಿ ಬರೆದುಕೊಟ್ಟರು. ಮಾಲೀಕ ಆ ಚೀಟಿ ಓದಿದ. ಸೋಮವಾರದಿಂದ ಕೈ ಚುರುಕಾಗದಿದ್ದರೆ ಚರಕ ಬಿಟ್ಟು ಸತ್ತ ಹುಳು ಬಾಚುವ ಕೆಲಸಕ್ಕೆ ಹೋಗು ಎಂದ.

ಭಾನುವಾರ ನಮ್ಮ ಜಗಲಿಯಲ್ಲಿ ಕೂತಿದ್ದವಳು, ಅಮ್ಮ ಅಕ್ಕಿ ಆರಿಸಲು ಹಾಕಿಕೊಳ್ಳುತ್ತಿದ್ದ ಕನ್ನಡಕವನ್ನು ತಮಾಷೆಗೆ ಏರಿಸಿಕೊಂಡಳು. ತನ್ನ ಅಂಗೈ ನೋಡಿ ಬೆಚ್ಚಿದಳು. "ಅಯ್ಯೋ, ಬೆರಳ ಗೆರೆಯೆಲ್ಲಾ ಕಾಣ್ತವೆ ಕಣೋ! ನಾಳೆ ಒಂದಿನ ಕೊಡ್ತೀರಾ?"

"ತೆಗಿ, ತೆಗಿ. ಈ ವಯಸ್ಸಲ್ಲಿ ಹಾಕಿದ್ರೆ ಇರೋ ಕಣ್ಣೂ ಹಾಳಾಗೋಗುತ್ತೆ."

ಈ ಮಾತನ್ನು ಬಹಳ ವರ್ಷ ಅಮ್ಮನ ಲೆಕ್ಕಕ್ಕೆ ಹಾಕಿದ್ದೆ. ಈಗ ಅನುಮಾನ... ಕಿವಿಯಲ್ಲಿ ಉಳಿದಿರುವುದು ಗಂಡಸಿನ ದನಿ. ಆ ಹೊತ್ತು ಜಗಲಿಯಲ್ಲಿದ್ದ ಗಂಡಸು ನಾನೊಬ್ಬನೇ. ಅವಳು ಕನ್ನಡಕ ಮಡಚಿ ಕೊಟ್ಟು ಎದ್ದುಹೋದಳು.

ನಾನು ಆಗ ವಿಜ್ಞಾನದ ವಿದ್ಯಾರ್ಥಿ. ದೂರದೃಷ್ಟಿ ದೋಷ, ಅದಕ್ಕೆ ಪೀನ ಮಸೂರ ಎಂದು ಚಿತ್ರ ಸಮೇತ ಉತ್ತರ ಬರೆದು ಪೂರ್ತಿ ಅಂಕ ಪಡೆದವನು. ಎದುರುಮನೆಯಲ್ಲೇ ಇದ್ದ ಆ ಕಣ್ಣನ್ನು ಗುರುತಿಸದ ಅದು ಯಾವ ಸೀಮೆಯ ವಿದ್ಯೆ? ಚೀಟಿಯಲ್ಲಿ ಬರೆದಿದೆ ಎಂದ ಮೇಲೆ ಅವಳ ಮಾತನ್ನು ತೂಗಿ ನೋಡುವ ಗೊಡವೆಯೂ ನನಗಿರಲಿಲ್ಲ. ಡಿಗ್ರಿ ಮುಗಿಸಿ ನಾನು ಊರು ಬಿಡುವಾಗಲೂ ಅವಳು ಹುಳು ಬಾಚುತ್ತಿದ್ದಳು.

ಹೋದ ತಿಂಗಳು ಊರಲ್ಲಿ ವಿಚಾರಿಸಿದರೆ, ಅವಳು ತೀರಿಕೊಂಡು ಆರು ವರ್ಷವಾಯಿತಂತೆ. ಕೊನೆಯವರೆಗೂ ಆ ಜಾಗ ಅವಳಿಗೆ ವಾಪಸ್ಸು ಸಿಗಲಿಲ್ಲ.

ಬೆಂಗಳೂರಿಗೆ ಮರಳಿ ಕಣ್ಣಿನ ವೈದ್ಯರೊಬ್ಬರನ್ನು ಕೇಳಿದೆ. ದೂರದೃಷ್ಟಿ ಚಿಕ್ಕಂದಿನಿಂದಲೂ ಇರಬಹುದು, ಎಳೆಯ ಕಣ್ಣು ತಿಣುಕಿ ಗೋಡೆಯ ಕೊನೆಯ ಸಾಲನ್ನೂ ಓದಿಬಿಡುತ್ತದೆ, ಹತ್ತಿರದ ಕೆಲಸದಲ್ಲಿ ಸೋಲುತ್ತದೆ, ತಲೆನೋವು ಅದರದೇ ಎಂದರು. ಕನ್ನಡಕ ಹಾಕಿದರೆ ಕಣ್ಣು ಹಾಳಾಗುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ನಂಬದೆ ಇನ್ನೊಬ್ಬರನ್ನೂ ಕೇಳಿದೆ.

ಹಾಳಾಗುವುದಿಲ್ಲ.