ಬ್ರಶ್ ಮುಟ್ಟದ ಹಲ್ಲು

ಬ್ರಹ್ಮಾವರದ ದಂತವೈದ್ಯೆ ನನ್ನ ಮುಂದಿನ ಹಲ್ಲಿನ ಹಿಂಬದಿಯನ್ನು ಕನ್ನಡಿಯಲ್ಲಿ ನನಗೇ ತೋರಿಸಿದಾಗ, ಅದು ಬೇರೆ ಯಾರದೋ ಬಾಯಿ ಅಂದುಕೊಂಡೆ. ಹಲ್ಲಿನ ಅಂಚು ಸೀದ ದೋಸೆಯ ಹಾಗೆ ಕಪ್ಪಾಗಿತ್ತು. ನಾನು ಅಲ್ಲಿಗೆ ಹೋದದ್ದು ದವಡೆ ನೋವಿದ್ದ ಹೆಂಡತಿಯ ಜೊತೆಗೆ, ಅಷ್ಟೇ. ತನ್ನ ಕೆಲಸ ಮುಗಿದ ಮೇಲೆ ಅವಳೇ ಚೇಷ್ಟೆಗೆ, "ಇವ್ರದ್ದೂ ಒಂದ್ಸಲ ಕಾಣಿ ಡಾಕ್ಟ್ರೇ, ದಿನಾ ಕನ್ನಡಿ ಎದ್ರ್ ನಿಂತ್ಕಂಡ್ ಅದೊಂದ್ ಹಲ್ಲನ್ನೇ ಕಾಂತ್ರ್" ಎಂದು ನನ್ನನ್ನು ಕುರ್ಚಿಗೆ ದೂಡಿದ್ದಳು.

ಆ ಹಲ್ಲು ಮುರಿದು ಕೆಲವು ವರ್ಷವಾಗಿತ್ತು. ಬೈಂದೂರಿನಿಂದ ಬರುವಾಗ ಎಕ್ಸ್‌ಪ್ರೆಸ್ ಬಸ್ಸು ಗಕ್ಕನೆ ಬ್ರೇಕು ಹಾಕಿ, ಮುಂದಿನ ಸೀಟಿನ ಕಂಬಿಗೆ ನನ್ನ ಬಾಯಿ ಬಡಿದಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಅರ್ಧ ಹಲ್ಲಿನಲ್ಲಿ ಒಂಬತ್ತನೇ ಕ್ಲಾಸಿನೆದುರು ಹಳಗನ್ನಡ ಓದುವುದನ್ನು ನೆನೆದೇ ಬೆವತುಹೋಗಿದ್ದೆ. ಕುಂದಾಪುರದ ಡಾಕ್ಟರು ಅಂಟು ಸವರಿ, ಹಲ್ಲಿನದೇ ಬಣ್ಣದ ಮೇಣದಂಥದ್ದನ್ನು ಮೆತ್ತಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿಕೊಟ್ಟರು.

"ಇದ್ ಎಷ್ಟ್ ಗಟ್ಟಿ ನಿಲ್ಲುತ್ತ್ ಡಾಕ್ಟ್ರೇ?"

"ಆ ಹಲ್ಲಲ್ಲ್ ಕಬ್ಬ್ ಸಿಗಿಬ್ಯಾಡಿ, ಸಾಕ್."

"ಹಂಗಾರೆ ಸೌತೆಕಾಯಿ?"

ಅವರು ಮುಂದಿನವರನ್ನು ಕರೆದರು.

ಉತ್ತರ ಸಿಗದಿದ್ದರೆ ಕೆಟ್ಟದ್ದನ್ನೇ ಊಹಿಸಿಕೊಳ್ಳುವುದು ನನ್ನ ಜಾಯಮಾನ. ಸೌತೆಕಾಯಿ ಬಿಟ್ಟೆ. ಪೇರಳೆಯನ್ನು ಚೂರು ಮಾಡಿ ತಿಂದೆ. ಗರಿಗರಿ ರೊಟ್ಟಿಯನ್ನು ಕೋಳಿ ಸಾರಿನಲ್ಲಿ ಮುಳುಗಿಸಿ, ಅದು ಹಿಟ್ಟಾಗುವವರೆಗೆ ಕಾಯುತ್ತಿದ್ದೆ. ಹೆಂಡತಿಯ ತಮ್ಮ ಎಲ್ಲರೆದುರು ಕೇಳಿದ: "ಭಾವ, ಅದನ್ನ್ ತಿಂಬುದಾ, ಕುಡಿಯುದಾ?" ಹಲ್ಲುಜ್ಜುವಾಗ ಆ ಹಲ್ಲು ಬಂದೊಡನೆ ಬ್ರಶ್ಶನ್ನು ಎತ್ತಿ, ರಸ್ತೆಯಲ್ಲಿ ಮಲಗಿದ ನಾಯಿಯನ್ನು ತಪ್ಪಿಸಿ ಹೋಗುವ ರಿಕ್ಷಾದಂತೆ, ಆಚೆಗೆ ದಾಟಿಸುತ್ತಿದ್ದೆ. ಉಜ್ಜಿದರೆ ಅಂಟು ಬಿಟ್ಟೀತಲ್ಲ!

ಈಗ ಈ ವೈದ್ಯೆ ಕೇಳುತ್ತಿದ್ದಾರೆ: "ಮಾಷ್ಟ್ರೇ, ಈ ಹಲ್ಲಿಗೆ ಬ್ರಶ್ ಹಾಕುದೇ ಇಲ್ಲ್ಯಾ?"

"ಅಂಟ್ ಬಿಡುತ್ತ್ ಅಂದ್ಹೇಳಿ..."

ಅವರು ಮುಖದ ಮಾಸ್ಕು ಕೆಳಗಿಳಿಸಿದರು. ಹೆಂಡತಿ ದವಡೆ ನೋವನ್ನೂ ಮರೆತು ಬಾಯಿ ತೆರೆದು ನಿಂತಳು. ನಾನು ಉಜ್ಜುವುದಿಲ್ಲವೆಂಬುದು ಅವಳಿಗೂ ಗೊತ್ತಿರಲಿಲ್ಲ.

"ಅಂಟ್ ಈಗ್ಲೂ ಕಲ್ಲಿನ್ ಹಂಗ್ ಇತ್ತ್. ಅದ್ರ ಅಂಚಂಗೆ ಕೊಳೆ ಕೂತ್ಕಂಡ್ ಹಲ್ಲೇ ಹುಳ್ಕಾಯ್ತ್. ನರಕ್ಕೆ ಮುಟ್ಟಿದ್ರೆ ರೂಟ್ ಕೆನಾಲ್. ಬುಡವೇ ಹೋಯಿದ್ರೆ ಕೀಳುದ್ ಬಿಟ್ರೆ ದಾರಿ ಇಲ್ಲೆ."

ಕೀಳುವುದು! ಇಷ್ಟು ವರ್ಷ ಹಗಲಿರುಳೂ ಯಾವುದು ಬಿದ್ದೀತೆಂದು ಹೆದರಿದ್ದೆನೋ ಅದು ಬೀಳಲೇ ಇಲ್ಲ. ಹೆದರಬೇಕಾದದ್ದು ಅದರ ಹಿಂದೆಯೇ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಚಿಂತೆ ಮಾಡುವುದೊಂದರಲ್ಲಾದರೂ ನಾನು ಪಳಗಿದವನೆಂಬ ಹೆಮ್ಮೆಯಿತ್ತು, ಅದೂ ಹೋಯಿತು.

ಅವರು ಎಕ್ಸ್‌ರೇ ತೆಗೆದು ಪರದೆಯ ಮೇಲೆ ನೋಡಿದರು.

"ನರಕ್ಕೆ ಮುಟ್ಲಿಲ್ಲೆ. ಬದ್ಕಿದ್ರಿ."

ಹಳೆಯದನ್ನು ಕೊರೆದು ತೆಗೆಯಲು ಅವರಿಗೆ ಸಾಕುಸಾಕಾಯಿತು. ಹುಳುಕನ್ನೆಲ್ಲ ಕೆರೆದು ಹೊಸ ಅಂಟು ಸವರುವಾಗ, ಇದರಲ್ಲಿ ಕ್ರಿಮಿ ಕೊಲ್ಲುವ ಮದ್ದೂ ಇದೆ ಎಂದರು. ನನ್ನ ಮುಖ ಅರಳಿದ್ದನ್ನು ಕಂಡು ಕೂಡಲೇ ತಡೆದರು: "ಹೋಯ್, ಖುಷಿ ಪಡ್ಬ್ಯಾಡಿ. ಗಟ್ಟಿ ಆದ್ಮೇಲೆ ಆ ಮದ್ದಿನ್ ಕಸು ಕಮ್ಮಿ ಆತ್ತ್. ಉಜ್ಜುದ್ ನೀವೇ."

ಬೆಳಕು ಹಿಡಿದು, ತಿಕ್ಕಿ ನಯ ಮಾಡಿದ ಮೇಲೆ ಒಂದು ಹೊಸ ಬ್ರಶ್ಶನ್ನು ಕೈಗಿತ್ತರು. "ನನ್ ಎದ್ರೇ ಉಜ್ಜಿ."

ಈಗಷ್ಟೇ ಕಟ್ಟಿದ ಹಲ್ಲು! ಬ್ರಶ್ಶು ಅಭ್ಯಾಸಬಲದಿಂದ ಹಾರಿ ದಾಟಿತು. "ಹಾರ್ಸ್‌ಬ್ಯಾಡಿ" ಎಂದು ವೈದ್ಯೆ ಮತ್ತು ಹೆಂಡತಿ ಒಟ್ಟಿಗೇ ಹೇಳಿದರು. ಕಣ್ಣು ಮುಚ್ಚಿ ಉಜ್ಜಿದೆ. ಉಗುಳಿದ ನೊರೆಯಲ್ಲಿ ರಕ್ತ! ವೈದ್ಯೆಗೆ ತೋರಿಸಿದೆ.

"ಅದ್ ಒಸಡಿಂದ್. ದಿನಾ ಉಜ್ಜಿರೆ ನಿಲ್ಲುತ್ತ್" ಎಂದರು ಅವರು. ಹೆಂಡತಿ ನನ್ನ ಕೈಯಿಂದ ಬ್ರಶ್ಶನ್ನು ತೆಗೆದುಕೊಂಡು, ತೊಳೆದು, ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ನಾಳೆಯಿಂದ ನೀವ್ ಉಜ್ಜುದನ್ನ್ ನಾನ್ ನಿಂತ್ಕಂಡ್ ಕಾಂತೆ."