ಬದುವಿನ ಮೇಲೆ ಕುಳಿತ ಆಯಿ

ಆಗೆಲ್ಲ ಶೀಗಿ ಹುಣ್ಣಿಮೆಯ ದಿನ ನಮ್ಮ ಘೋಡಗೇರಿಯಲ್ಲಿ ಮಧ್ಯಾಹ್ನ ಮನೆಯಲ್ಲಿ ಉಣ್ಣುವವರೇ ಇರುತ್ತಿರಲಿಲ್ಲ. ನಸುಕಿನಲ್ಲೇ ಸಜ್ಜೆ ರೊಟ್ಟಿ ಬಡಿಯುವ ಸಪ್ಪಳ, ಎಣ್ಣೆಗಾಯಿಯ ಘಮ, ಹೂರಣದ ಕಡಬು. ಎಲ್ಲವನ್ನೂ ಬುಟ್ಟಿಗೆ ತುಂಬಿ ಚಕ್ಕಡಿ ಏರಿದರೆ ಹೊಲವೇ ಮನೆ. ತೆನೆ ಕಟ್ಟುವ ಹೊಲವೆಂದರೆ ಬಸುರಿ. ಅವಳಿಗೆ ಬಯಕೆಯೂಟ ಬಡಿಸುವ ಹಬ್ಬ ಅದು. ಅಡುಗೆಯನ್ನೆಲ್ಲ ಕಲಸಿದ ಚರಗವನ್ನು ಬೆಳೆಯೊಳಗೆ ಚೆಲ್ಲುತ್ತ ಒಬ್ಬರು ಮುಂದೆ, ತಂಬಿಗೆಯ ನೀರು ಚಿಮುಕಿಸುತ್ತ ಇನ್ನೊಬ್ಬರು ಹಿಂದೆ. ನಮ್ಮಲ್ಲಿ ಚರಗ ಅಪ್ಪನದು, ನೀರು ಅವನ ತಮ್ಮ ಕಾಕಾನದು. ಅದು ಮುಗಿಯುವ ತನಕ ಮಕ್ಕಳ ಬಾಯಿಗೆ ಒಂದು ತುತ್ತೂ ಇಲ್ಲ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಣ್ಣತಮ್ಮ ಬೇರೆಯಾದರು. ಹೊಲದ ನಡುವೆ ಬದು ಎದ್ದಿತು. ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ನಾವು ಪೂಜಿಸುತ್ತಿದ್ದ ಬನ್ನಿಗಿಡ ಕಾಕಾನ ಪಾಲಿಗೆ ಹೋಯಿತು. ಅಪ್ಪ ಸುಮ್ಮನಿರಬೇಕಲ್ಲ! ಈಚೆ ಜಾಲಿಗಿಡದ ಬುಡದಲ್ಲಿ ತನ್ನವೇ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ. ಒಂದು ಹೊಲಕ್ಕೆ ಹತ್ತು ಪಾಂಡವರು!

ಆ ವರ್ಷದ ಹುಣ್ಣಿಮೆಗೆ ಅಪ್ಪನ ತಾಯಿ, ನಮ್ಮ ಆಯಿ, ಚರಗದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಟ್ಟನಡುವೆ ಬದುವಿನ ಮೇಲೆ ಕುಳಿತುಬಿಟ್ಟಳು.

"ಪಾಂಡವರು ಯಾವಾಗರ ಬ್ಯಾರಿ ಆಗಿದ್ರೇನ್ರೋ? ಬಸುರಿಗೆ ಎರಡ ಕಡೆ ಉಣ್ಣಾಕ ಹಚ್ಚೀರೇನು? ಇಬ್ಬರೂ ಕೂಡಿ ಚೆಲ್ಲೂದಾದ್ರ ಬರ್ರಿ. ಇಲ್ಲಾಂದ್ರ ಬುಟ್ಟಿ ಕೊಡಂಗಿಲ್ಲ."

"ಅಂವಾ ಬರ್ಲಿ. ನಾ ಏನ್ ಬ್ಯಾಡ ಅಂದೇನೇನು?" ಎಂದ ಅಪ್ಪ.

"ದೊಡ್ಡಾಂವ ಅಂವಾ ಅದಾನ, ಅವನಽ ಕರೀಲಿ," ಎಂದ ಕಾಕಾ.

ಇಬ್ಬರೂ ಮಾತಾಡಿದ್ದು ಆಯಿಯ ಜೊತೆ. ಒಬ್ಬರ ಮುಖ ಒಬ್ಬರು ನೋಡಿದರೆ ಕೇಳಿ! ಹೊತ್ತು ನೆತ್ತಿಗೆ ಬಂತು. ನಮಗೆ ಮಕ್ಕಳಿಗೆ ಚಿಣಿಫಣಿ ಆಡಿ ಆಡಿ ಸಾಕಾಯಿತು.

"ಆಯಿ, ಹಸಿವಿ ಆಗೇತಿ," ಎಂದೆ.

"ನಿಮ್ಮಪ್ಪಗ ಹೇಳು."

ಅಪ್ಪನಿಗೆ ಹೇಳಿದರೆ ಕಾಕಾಗ ಹೇಳು ಎಂದ. ಕಾಕಾ ಮತ್ತೆ ಆಯಿಯ ಕಡೆಗೇ ಅಟ್ಟಿದ. ಗಾಣದ ಎತ್ತಿನ ಹಾಗೆ ಸುತ್ತಿ ನನಗೆ ತಲೆ ಕೆಟ್ಟುಹೋಯಿತು. ದೊಡ್ಡವರ ಹಟಕ್ಕೆ ಸಣ್ಣವರು ಉಪವಾಸ ಬೀಳಬೇಕೇ?

ಕಡೆಗೆ ಕಾಕಾನ ಸಣ್ಣ ಮಗ ಬಾಯಿ ತೆರೆದು ಅಳತೊಡಗಿದ. ಅಪ್ಪ ಗೊಣಗುತ್ತ ಬದುವಿಗೆ ಬಂದು, ಎತ್ತಲೋ ನೋಡುತ್ತ ತಮ್ಮನಿಗೆ ಹೇಳಿದ:

"ಬಸೂ, ತಂಬಗಿ ತಗೋ."

ಆಯಿ ಬುಟ್ಟಿ ಕೊಟ್ಟಳು. ಅಪ್ಪ ಮುಂದೆ, ಕಾಕಾ ಹಿಂದೆ. ಬದುವಿನ ಎರಡೂ ಕಡೆ ಚರಗ ಬಿತ್ತು, ನೀರೂ ಬಿತ್ತು. ಆಮೇಲೆ ಎಲ್ಲರೂ ಬನ್ನಿಗಿಡದ ನೆರಳಲ್ಲೇ ಉಂಡೆವು. ಜಗಳವೇನೂ ನಿಲ್ಲಲಿಲ್ಲ. ಬದು ತನ್ನ ಕಡೆಗೆ ಸರಿದಿದೆ ಎಂದು ಕಾಕಾ ಅಪ್ಪನನ್ನು ಬೈಯುತ್ತಲೇ ಇದ್ದ; ಬೈಯುತ್ತಲೇ ಅಪ್ಪನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟ. ಇಂಥವರನ್ನು ಏನೆನ್ನಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಈಗ ಅಲ್ಲಿ ಎತ್ತ ನೋಡಿದರೂ ಕಬ್ಬು. ಒಳಗೆ ಕಾಲಿಡಲು ದಾರಿಯಿಲ್ಲ, ಚರಗ ಎಲ್ಲಿ ಚೆಲ್ಲುವುದು? ಹೋದ ವರ್ಷ ಹುಣ್ಣಿಮೆಗೆ ಕಾಕಾನ ಆ ಸಣ್ಣ ಮಗನಿಗೆ ಫೋನ್ ಮಾಡಿ, ಹೊಲಕ್ಕೆ ಬರ್ತಿ ಏನೋ ಎಂದು ಕೇಳಿದೆ.

"ಅಲ್ಲೇನೈತಿ ಅಕ್ಕಾ, ಬರೇ ಕಬ್ಬು. ನೀ ಆರಾಮ ಅದೀಯಲ್ಲ?" ಎಂದ.

ಎಷ್ಟು ಪ್ರೀತಿಯಿಂದ ಕೇಳಿದ! ಮೈಯೆಲ್ಲ ಉರಿಯಿತು ನನಗೆ. ನಮ್ಮ ಎರಡೂ ಮನೆಗಳ ನಡುವೆ ಈಗ ಯಾವ ಜಗಳವೂ ಇಲ್ಲ. ಜಗಳಾಡುವುದಕ್ಕಾದರೂ ಒಂದು ಕಡೆ ಸೇರಬೇಕಲ್ಲ.